ವಿದ್ಯಾರ್ಥಿಯ ಕಾಯಕ ಮತ್ತು ಸೋಲಿನ ಸತ್ಯ

ಕಾಯಕವೆಂದೊಡನೆ ಭಕ್ತರ ಮನದಲ್ಲಿ ಮೊದಲು ಮೂಡುವವು ಮಗ್ಗ, ನೇಗಿಲು, ತಕ್ಕಡಿ, ದೋಣಿಯ ಹುಟ್ಟು, ಅಗಸನ ಕಲ್ಲು. ಶರಣರು ಈ ಉಪಕರಣಗಳನ್ನು ಪೂಜಾಸಾಮಗ್ರಿಯ ಮಟ್ಟಕ್ಕೆ ಏರಿಸಿದರು. ಆದರೆ ಮನೆಯಲ್ಲಿ ಹದಿನೆಂಟು ಇಪ್ಪತ್ತರ ವಯಸ್ಸಿನ ಮಗನೋ ಮಗಳೋ ಇದ್ದು, ಅವರು ಬಾಗಲಕೋಟೆಯಲ್ಲಿಯೋ ಧಾರವಾಡದಲ್ಲಿಯೋ ಬೆಂಗಳೂರಿನಲ್ಲಿಯೋ ಓದುತ್ತಿರುವಾಗ ಅವರ ಕಾಯಕ ಯಾವುದೆಂದು ಯಾರೂ ಕೇಳುವದಿಲ್ಲ. ಓದು ಮುಗಿದ ಮೇಲೆ ಸಿಗುವ ನೌಕರಿಯೇ ಕಾಯಕ, ಓದು ಅದರ ಸಿದ್ಧತೆ ಎಂದು ಎಲ್ಲರೂ ಎಣಿಸಿಕೊಂಡಿರುವರು. ಮಗನು ಪಾಸಾಗುತ್ತ ಹೋಗುವವರೆಗೆ ಈ ಎಣಿಕೆಯಿಂದ ಯಾವ ತೊಡಕೂ ಬರುವದಿಲ್ಲ. ಅವನು ಎಡವಿದ ದಿನವೇ ಪ್ರಶ್ನೆ ಏಳುತ್ತದೆ. ಓದಿನಲ್ಲಿ ಸೋತವನು ಯಾವುದರಲ್ಲಿ ಸೋತನು? ನೌಕರಿಯ ದಾರಿಯಲ್ಲಿ ಮಾತ್ರವೋ, ತನ್ನ ಧರ್ಮದಲ್ಲಿಯೋ? ಮತ್ತು ಆ ಸೋಲನ್ನು ಅವನೂ ಅವನ ಮನೆಯವರೂ ಹೇಗೆ ಹೊರಬೇಕು?

ವಿದ್ಯೆಗಾಗಿ ಈ ನಾಡಿನ ಗೃಹಸ್ಥರು ಪಟ್ಟ ಶ್ರಮ ಸಣ್ಣದಲ್ಲ. ಬಾಗಲಕೋಟೆಯ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘವು 1906ರಲ್ಲಿ ಸ್ಥಾಪಿತವಾಯಿತು. ಬಾದಾಮಿಯ ಬಳಿ ಮಲಪ್ರಭೆಯ ದಂಡೆಯಲ್ಲಿ ಹಾನಗಲ್ಲ ಶ್ರೀ ಕುಮಾರಸ್ವಾಮಿಗಳವರು 1909ರಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ ವಟುಗಳ ಶಿಕ್ಷಣಕ್ಕೆ ನೆಲೆ ಒದಗಿಸಿದರು. ಆ ಕಾಲಕ್ಕೆ ಪದವಿ ಬಯಸಿದ ಈ ಭಾಗದ ಹುಡುಗನು ಮುಂಬಯಿ ವಿಶ್ವವಿದ್ಯಾಲಯದ ಕಡೆಗೇ ನೋಡಬೇಕಾಗಿತ್ತು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಹುಟ್ಟಿತು. 1963ರಲ್ಲಿ ಬಾಗಲಕೋಟೆಗೆ ಬಸವೇಶ್ವರ ಇಂಜನಿಯರಿಂಗ್ ಕಾಲೇಜು ಬಂದಿತು. 2008ರಲ್ಲಿ ಅದೇ ಊರಿನಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವೇ ಆರಂಭವಾಯಿತು. ಅಜ್ಜನಿಗೆ ಮುಚ್ಚಿದ್ದ ಬಾಗಿಲು ಮೊಮ್ಮಗನಿಗೆ ತೆರೆದಿದೆ. ಬಾಗಿಲು ತೆರೆಯಲು ದುಡಿದವರ ಕಥೆಯನ್ನು ಸಮಾಜವು ಅಭಿಮಾನದಿಂದ ಹೇಳಿಕೊಳ್ಳುತ್ತದೆ. ಬಾಗಿಲೊಳಗೆ ಹೋಗಿ ಅಲ್ಲಿಯೇ ಮುಗ್ಗರಿಸಿದವರ ಮಾತನ್ನು ಮಾತ್ರ ಯಾರೂ ಎತ್ತುವದಿಲ್ಲ.

ಮುಗ್ಗರಿಸಿದವರಿಗಾಗಿ ವಿಶ್ವವಿದ್ಯಾಲಯಗಳಲ್ಲಿ ಒಂದು ನಿಯಮವಿರುತ್ತದೆ. ನೌಕರಿಗೆ ಹೊಸದಾಗಿ ಸೇರಿದವನಿಗೆ ಪ್ರೊಬೇಶನ್ ಇರುವದನ್ನು ಎಲ್ಲರೂ ಬಲ್ಲರು. ಅಂಥದೇ ಪ್ರೊಬೇಶನ್ ಓದುವವನಿಗೂ ಉಂಟು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸಾಮಾನ್ಯವಾಗಿ 4ರ ಮಾಪನದಲ್ಲಿ ಸರಾಸರಿ 2ಕ್ಕಿಂತ ಕೆಳಗಿಳಿದ ವಿದ್ಯಾರ್ಥಿಗೆ ಎಚ್ಚರಿಕೆಯ ಪತ್ರ ಬರುತ್ತದೆ. ಮುಂದಿನ ಅವಧಿಯಲ್ಲಿ ಅವನು ಅಧ್ಯಾಪಕನೊಬ್ಬನ ಸಲಹೆಯಂತೆ ನಡೆಯಬೇಕು, ಕೆಲವು ಕಡೆ ಕಡಿಮೆ ವಿಷಯಗಳನ್ನು ತೆಗೆದುಕೊಳ್ಳಬೇಕು, ಗೊತ್ತಾದ ಕಾಲದೊಳಗೆ ಸರಾಸರಿಯನ್ನು ಮೇಲೆತ್ತಬೇಕು. ಇಲ್ಲದಿದ್ದರೆ ಹೆಸರು ತೆಗೆಯಲ್ಪಡುವದು. ಭಾರತದ ಕೃಷಿ ಮತ್ತು ತೋಟಗಾರಿಕೆಯ ಶಿಕ್ಷಣದಲ್ಲಿಯೂ ಇದೇ ಹೆಸರಿನ, ಇದೇ ಬಗೆಯ ನಿಯಮ ಬಳಕೆಯಲ್ಲಿದೆ. ಇಂಜನಿಯರಿಂಗ್ ಓದುವವರ ಬಾಯಲ್ಲಿ ಅದು ‘ಬ್ಯಾಕ್‌ಲಾಗ್’ ಮತ್ತು ‘ಇಯರ್ ಬ್ಯಾಕ್’ ಎಂಬ ಹೆಸರಿನಿಂದ ತಿರುಗುತ್ತದೆ. ಉಳಿದ ವಿಷಯಗಳು ಮಿತಿ ಮೀರಿದರೆ ಮುಂದಿನ ವರ್ಷಕ್ಕೆ ಪ್ರವೇಶವಿಲ್ಲ. ಮುಂಬಯಿ ಕರ್ನಾಟಕದ ಹಳೆಯ ವಿದ್ಯಾರ್ಥಿಗಳಿಗೆ ಇದು ‘ಎ.ಟಿ.ಕೆ.ಟಿ.’ ಎಂಬ ನಾಲ್ಕಕ್ಷರವಾಗಿ ಪರಿಚಿತ. ಆ ಅಕ್ಷರಗಳನ್ನು ಬಿಡಿಸಿದರೆ ‘ಅವಧಿ ಮುಂದುವರಿಸಲು ಅನುಮತಿ’ ಎಂಬುದೇ ಅರ್ಥ. ಪ್ರೊಬೇಶನ್ ಎಂಬುದರ ಮೂಲವಾದ ಲ್ಯಾಟಿನ್ ಧಾತುವಿಗೂ ಪರೀಕ್ಷಿಸು, ಒರೆಗೆ ಹಚ್ಚು ಎಂದೇ ಅರ್ಥವಿದೆ. ಎರಡು ಮಾತುಗಳಲ್ಲಿಯೂ ಹೊರಗೆ ಹಾಕುವ ಭಾವವಿಲ್ಲ. ಒಂದರಲ್ಲಿ ಅನುಮತಿ ಇದೆ, ಇನ್ನೊಂದರಲ್ಲಿ ಒರೆಗಲ್ಲು ಇದೆ. ಆದರೂ ಆ ಪತ್ರವು ಕೈಗೆ ಬಂದಾಗ ವಿದ್ಯಾರ್ಥಿಯು ಅದನ್ನು ಮರಣಪತ್ರದಂತೆ ಓದಿಕೊಳ್ಳುತ್ತಾನೆ. ಏಕೆಂದರೆ ಅವನು ಅದನ್ನು ತನ್ನ ಕಣ್ಣಿನಿಂದ ಓದುವದಿಲ್ಲ, ತಂದೆಯ ಕಣ್ಣಿನಿಂದ, ಓಣಿಯ ಕಣ್ಣಿನಿಂದ ಓದುತ್ತಾನೆ.

ಇಳಕಲ್ಲಿನ ಒಂದು ಮನೆಯನ್ನು ಎಣಿಸಿಕೊಳ್ಳಬಹುದು. ತಂದೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ಕೂತು ಸೀರೆ ನೇಯುವವನು. ತಾಯಿ ನೂಲು ಸುತ್ತುವವಳು. ಮನೆತನದಲ್ಲಿ ಮೊದಲ ಬಾರಿಗೆ ಮಗನೊಬ್ಬನು ಇಂಜನಿಯರಿಂಗ್ ಓದಲು ಹೋಗಿದ್ದಾನೆ. ಮೊದಲ ವರ್ಷದಲ್ಲಿಯೇ ನಾಲ್ಕಾರು ವಿಷಯಗಳು ಉಳಿದಿವೆ. ವಾರಕ್ಕೊಮ್ಮೆ ತಂದೆ ಫೋನಿನಲ್ಲಿ ಕೇಳುತ್ತಾನೆ: “ತಮ್ಮಾ, ಅಭ್ಯಾಸ ಹ್ಯಾಂಗ ನಡದೈತಿ?” ಮಗನ ಉತ್ತರ ಪ್ರತಿವಾರವೂ ಒಂದೇ: “ಛಲೋ ನಡದೈತಿ, ಅಪ್ಪಾ.” ತಂದೆ ಸಮಾಧಾನದಿಂದ ಲಾಳಿ ಎಸೆಯುತ್ತಾನೆ. ಮುಂದಿನ ಶುಲ್ಕಕ್ಕಾಗಿ ಇನ್ನಷ್ಟು ಸಾಲ ಮಾಡುತ್ತಾನೆ. ಮಗನು ಕೋಣೆಯಲ್ಲಿ ಗೋಡೆಯ ಕಡೆ ಮುಖಮಾಡಿ ಮಲಗುತ್ತಾನೆ. ಇಂಥ ಮನೆ ಇಳಕಲ್ಲಿನಲ್ಲಿ ಮಾತ್ರವೇ ಇರುವದೆಂದಲ್ಲ. ಹುನಗುಂದದ ಕರಿಮಣ್ಣಿನ ಒಕ್ಕಲುತನದ ಮನೆಯಲ್ಲಿಯೂ ಅದು ಇದ್ದೀತು. ಸಮುದ್ರದಾಚೆ ನೆಲೆಸಿದ ಕನ್ನಡ ಮನೆತನಗಳಲ್ಲಿಯೂ ಇದ್ದೀತು.

ಬಾಗಲಕೋಟೆಯ ಕೆಲವು ಮನೆಗಳಲ್ಲಿ ಈ ಭಾರ ಇಮ್ಮಡಿಯಾಗಿರುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಹೊಲವನ್ನೂ ಹಳೆಯ ಮನೆಯನ್ನೂ ಕಳೆದುಕೊಂಡು ನವನಗರಕ್ಕೆ ಬಂದವರು ಅಲ್ಲಿ ಇದ್ದಾರೆ. ಹೊಲ ಮುಳುಗಿದ ತಂದೆಗೆ ಮಗನ ಪದವಿಯೇ ಹೊಸ ಹೊಲ. ಪರಿಹಾರದ ಹಣವನ್ನು ಓದಿಗೆ ಸುರಿದವನಿಗೆ ಮಗನ ನಪಾಸು ಎಂದರೆ ಎರಡನೆಯ ಮುಳುಗಡೆ. ಇದನ್ನು ಮಗನು ಬಲ್ಲನು. ಬಲ್ಲನಾದ್ದರಿಂದಲೇ ಹೇಳಲಾರನು. ಆದುದರಿಂದ ಇಂಥ ಸುಳ್ಳನ್ನು ಬರಿಯ ದುಷ್ಟತನವೆಂದು ತಳ್ಳಿಬಿಡುವದು ನ್ಯಾಯವಲ್ಲ. ಅದರ ಬೇರಿನಲ್ಲಿ ಪ್ರೀತಿಯೂ ಇದೆ, ಭಯವೂ ಇದೆ. ಆದರೂ ಅದು ಸುಳ್ಳೇ. ಬೇರು ಪ್ರೀತಿಯದಾದ ಮಾತ್ರಕ್ಕೆ ಹಣ್ಣು ಸಿಹಿಯಾಗದು.

ಇಲ್ಲಿ ಶರಣಧರ್ಮದ ತೀರ್ಪು ಏನು? ಮೊದಲಿಗೆ ಒಂದು ಮಾತನ್ನು ಮೆತ್ತಗೆ ಮಾಡದೆ ಹೇಳಬೇಕಾಗುವದು. ವಿದ್ಯಾರ್ಥಿಗೆ ಓದು ಕಾಯಕವೇ ಹೌದು. ಅವನು ಉಣ್ಣುವ ಅನ್ನ ತಂದೆಯ ಬೆವರಿನದು. ಪ್ರಸಾದನಿಲಯದಲ್ಲಿ ಇರುವವನಾದರೆ ಆ ಅನ್ನ ಹತ್ತೂರ ಭಕ್ತರು ಕೊಟ್ಟ ಜೋಳ ಅಕ್ಕಿಯದು. ದಾಸೋಹದ ಅನ್ನವನ್ನುಂಡು ಕಾಯಕವನ್ನು ಕಡೆಗಣಿಸುವದನ್ನು ಶರಣರು ಒಪ್ಪಲಿಲ್ಲ. ನುಲಿಯ ಚಂದಯ್ಯನ ಕಥೆಯಲ್ಲಿ ಹುಲ್ಲು ಕೊಯ್ಯುವಾಗ ಇಷ್ಟಲಿಂಗವೇ ಜಾರಿ ಬಿದ್ದರೂ ಅವನು ಕಾಯಕವನ್ನು ನಿಲ್ಲಿಸಲಿಲ್ಲವೆಂದು ಹೇಳಿದೆ. ಶೂನ್ಯಸಂಪಾದನೆಯು ಆ ಪ್ರಸಂಗವನ್ನು ಎತ್ತಿಕೊಂಡು ಚರ್ಚಿಸುವದು ಕಾಯಕದ ಬಿಗಿಯನ್ನು ತೋರಿಸಲಿಕ್ಕಾಗಿಯೇ. ಹೀಗಿರಲು, ಅಂಕಗಳು ಮಾಯೆ, ಪರೀಕ್ಷೆ ಲೌಕಿಕ, ಜ್ಞಾನವೇ ಬೇರೆ ಎಂದು ಹೇಳಿ ಮೈಗಳ್ಳತನಕ್ಕೆ ವೇದಾಂತದ ಹೊದಿಕೆ ಹೊಚ್ಚುವದು ವಚನಧರ್ಮಕ್ಕೆ ಸಲ್ಲದು.

ಆದರೆ ಕಾಯಕದ ಲೆಕ್ಕವೂ ಅಂಕಪಟ್ಟಿಯ ಲೆಕ್ಕವೂ ಒಂದೇ ಅಲ್ಲವೆಂಬುದು ಎರಡನೆಯ ಮಾತು. ಅಂಕಪಟ್ಟಿಯು ಎಷ್ಟು ಬಂದಿತೆಂದು ಹೇಳುತ್ತದೆ, ಏಕೆ ಬರಲಿಲ್ಲವೆಂದು ಹೇಳುವದಿಲ್ಲ. ಒಬ್ಬನು ಓದದೆ ಸೋತಿರಬಹುದು. ಇನ್ನೊಬ್ಬನು ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಕಲಿತು, ಒಮ್ಮೆಲೇ ಇಂಗ್ಲಿಷಿನ ಉಪನ್ಯಾಸದಲ್ಲಿ ಕೂತು, ವಿಷಯ ತಿಳಿಯುವ ಮೊದಲು ಮಾತೇ ತಿಳಿಯದೆ ಸೋತಿರಬಹುದು. ಮತ್ತೊಬ್ಬನಿಗೆ ಕಾಯಿಲೆ, ಮಗದೊಬ್ಬನಿಗೆ ಮನಸ್ಸಿನ ಕುಗ್ಗು, ಇನ್ನೊಬ್ಬಳಿಗೆ ಮನೆಯ ಕಷ್ಟ. ಸಾಹಿತ್ಯದ ಒಲವಿದ್ದವನನ್ನು ಹಿರಿಯರು ಯಂತ್ರಶಾಸ್ತ್ರಕ್ಕೆ ನೂಕಿರಲೂಬಹುದು. ಈ ಆರು ಸೋಲುಗಳಿಗೆ ಪತ್ರ ಒಂದೇ ಬರುತ್ತದೆ. ಮದ್ದು ಮಾತ್ರ ಆರು ಬಗೆಯಾಗಿರಬೇಕು. ಯಾವುದು ತನ್ನದೆಂದು ನಿರ್ಣಯಿಸಬೇಕಾದವನು ಮೊದಲು ಆ ವಿದ್ಯಾರ್ಥಿಯೇ. ಅದಕ್ಕೆ ಬೇಕಾಗುವದು ಅಂತರಂಗದ ಪ್ರಾಮಾಣಿಕತೆ. ಕಾಯಿಲೆಯನ್ನು ಸೋಮಾರಿತನವೆಂದುಕೊಂಡು ತನ್ನನ್ನು ಹಳಿದುಕೊಳ್ಳುವದೂ ಸುಳ್ಳು. ಸೋಮಾರಿತನವನ್ನು ಕಾಯಿಲೆಯೆಂದು ಹೇಳುವದೂ ಸುಳ್ಳು.

ಇದರಿಂದ ಒಂದು ನಿರ್ಣಯ ಹೊರಡುತ್ತದೆ. ಪರೀಕ್ಷೆಯಲ್ಲಿ ಸೋತದ್ದು ಕಾಯಕದ ಭಂಗವಾಗಿರಲೂಬಹುದು, ಆಗಿರದಿರಲೂಬಹುದು. ಆ ಸೋಲನ್ನು ಮುಚ್ಚಿಟ್ಟದ್ದು ಮಾತ್ರ ನಿಶ್ಚಯವಾಗಿ ಭಂಗವೇ. ಏಕೆಂದರೆ ಮುಚ್ಚಿಟ್ಟ ಕ್ಷಣದಿಂದ ನುಡಿ ಬೇರೆ, ನಡೆ ಬೇರೆಯಾಗುತ್ತವೆ. ನುಡಿ ನಡೆಗಳ ಐಕ್ಯವನ್ನೇ ಶರಣರು ಭಕ್ತಿಯ ಕುರುಹೆಂದು ಎಣಿಸಿದರು. ಅದೂ ಅಲ್ಲದೆ, ಮುಚ್ಚಿಟ್ಟ ಸೋಲಿಗೆ ಮದ್ದಿಲ್ಲ. ತೋರಿಸದ ಹುಣ್ಣನ್ನು ಯಾವ ವೈದ್ಯನು ತೊಳೆದಾನು?

ಇಳಕಲ್ಲಿನ ಮಗ್ಗವೇ ಈ ಮಾತಿಗೆ ಸಾಕ್ಷಿಯಾಗಿದೆ. ಅಲ್ಲಿಯ ಸೀರೆಯ ವಿಶೇಷವಿರುವದು ಕೊಂಡಿಯಲ್ಲಿ. ಒಡಲಿನ ಹಾಸಿನ ಎಳೆಗಳನ್ನೂ ಸೆರಗಿನ ಹಾಸಿನ ಎಳೆಗಳನ್ನೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಆದುದರಿಂದಲೇ ಒಂದೊಂದು ಸೀರೆಗೂ ಹಾಸನ್ನು ಬೇರೆಯಾಗಿ ಸಿದ್ಧಪಡಿಸಬೇಕಾಗುವದು. ಒಂದು ಎಳೆ ಹರಿದರೆ ನೇಕಾರನು ಏನು ಮಾಡುತ್ತಾನೆ? ಮಗ್ಗ ನಿಲ್ಲಿಸುತ್ತಾನೆ, ಹರಿದ ತುದಿಯನ್ನು ಹುಡುಕುತ್ತಾನೆ, ಗಂಟು ಹಾಕಿ ಮುಂದುವರಿಯುತ್ತಾನೆ. ಹರಿದದ್ದು ಕಾಣಬಾರದೆಂದು ಲಾಳಿಯನ್ನು ಇನ್ನೂ ಜೋರಾಗಿ ಓಡಿಸುವವನು ನೇಕಾರನಲ್ಲ. ಒಂದು ಎಳೆಯ ಸುಳ್ಳು ನೇಯ್ದಷ್ಟು ದೂರವೂ ಬಟ್ಟೆಯಲ್ಲಿ ಗೀರಾಗಿ ಉಳಿಯುತ್ತದೆ. ಎಳೆ ಹರಿದುದಕ್ಕೆ ತಂದೆ ದಿನಕ್ಕೆ ಎಷ್ಟೋ ಸಲ ಮಗ್ಗ ನಿಲ್ಲಿಸುತ್ತಾನೆ, ನಾಚುವದಿಲ್ಲ. ಮಗನು ಒಮ್ಮೆ ನಿಲ್ಲಿಸಲು ಏಕೆ ನಾಚಬೇಕು?

ನಾಚಿಕೆಯನ್ನು ದಾಟುವ ದಾರಿಯೊಂದನ್ನು ಅದೇ ಊರು ಲೋಕಕ್ಕೆ ತೋರಿಸಿದೆ. ಇಳಕಲ್ಲ ಚಿತ್ತರಗಿಯ ಶ್ರೀ ವಿಜಯಮಹಾಂತೇಶ ಮಠದ ಪೂಜ್ಯ ಡಾ. ಮಹಾಂತ ಶಿವಯೋಗಿಗಳವರು 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹೊರಡಿಸಿದರು. ಅವರು ಲಿಂಗೈಕ್ಯರಾದುದು 2018ರಲ್ಲಿ. ಜಂಗಮನ ಜೋಳಿಗೆಗೆ ಭಕ್ತರು ಹಿಟ್ಟು ಅಕ್ಕಿ ನೀಡುವದು ಸಂಪ್ರದಾಯ. ಅವರು ಬೇಡಿದ್ದು ಹಿಟ್ಟನ್ನಲ್ಲ, ಹಣವನ್ನಲ್ಲ. ಕುಡಿತ ತಂಬಾಕುಗಳಂಥ ದುಶ್ಚಟಗಳನ್ನು. ಚಟವಿದ್ದವನು ಜನರ ನಡುವೆ ಮುಂದೆ ಬಂದು ಅದನ್ನು ಜೋಳಿಗೆಗೆ ಹಾಕಿ, ಇನ್ನು ಮುಟ್ಟುವದಿಲ್ಲವೆಂದು ವಚನವೀಯಬೇಕು. ಆ ಜೋಳಿಗೆಯ ಬಲವೆಲ್ಲ ಬಹಿರಂಗವಾಗಿ ಒಪ್ಪಿಕೊಳ್ಳುವದರಲ್ಲಿಯೇ ಇತ್ತು. ಬೈಯುವವರ ಮುಂದೆ ಯಾರೂ ಒಪ್ಪಿಕೊಳ್ಳುವದಿಲ್ಲ. ತೆಗೆದುಕೊಳ್ಳುವ ಕೈ ಮೊದಲು ಚಾಚಿದ್ದರಿಂದಲೇ ಕೊಡುವ ಕೈ ಮುಂದೆ ಬಂದಿತು. ಅಂಕಪಟ್ಟಿಯನ್ನು ಅಡಗಿಸಿಟ್ಟ ಮಗನಿಗೂ ಅಂಥದೊಂದು ಜೋಳಿಗೆ ಬೇಕಾಗಿದೆ. ಅದನ್ನು ಹಿಡಿಯಬೇಕಾದವರು ತಂದೆ ತಾಯಿಗಳೇ.

ಇಲ್ಲಿಂದ ಪ್ರಶ್ನೆ ವಿದ್ಯಾರ್ಥಿಯನ್ನು ಬಿಟ್ಟು ಗೃಹಸ್ಥನ ಕಡೆಗೆ ತಿರುಗುತ್ತದೆ. ಮಗನು ಸುಳ್ಳಾಡಿದನೆಂದು ತಂದೆ ನೊಂದುಕೊಳ್ಳುವದು ಸಹಜ. ಆದರೆ ಆ ಸುಳ್ಳಿಗೆ ಮನೆಯಲ್ಲಿ ಮೊದಲೇ ಜಾಗ ಮಾಡಿಕೊಟ್ಟವರು ಯಾರು? ಮದುವೆಯ ಚಪ್ಪರದಲ್ಲಿ ಬೀಗರ ಮಗನ ಅಂಕಗಳನ್ನು ಕೇಳಿ ತನ್ನ ಮಗನ ಕಡೆ ಓರೆಗಣ್ಣಿನಿಂದ ನೋಡಿದವರು ಯಾರು? ಬನಶಂಕರಿಯ ಜಾತ್ರೆಯಲ್ಲಿ ಸಿಕ್ಕ ನೆಂಟರಿಗೆ, ಫಲಿತಾಂಶ ಬರುವ ಮೊದಲೇ, ಇಂಜನಿಯರ ಸಾಹೇಬನೆಂದು ಮಗನನ್ನು ಪರಿಚಯ ಮಾಡಿಕೊಟ್ಟವರು ಯಾರು? ಮನೆಯ ಮರ್ಯಾದೆಯನ್ನೆಲ್ಲ ಒಂದು ಅಂಕಪಟ್ಟಿಗೆ ಕಟ್ಟಿದ ಮೇಲೆ, ಆ ಪಟ್ಟಿಯನ್ನು ತೋರಿಸದೆ ಇರುವದೇ ಮನೆಯ ಮರ್ಯಾದೆ ಕಾಯುವ ಬಗೆಯೆಂದು ಮಗನು ತಿಳಿದರೆ ತಪ್ಪು ಅವನೊಬ್ಬನದೇ ಅಲ್ಲ. ಹುಟ್ಟಿನಿಂದ ಮನುಷ್ಯನನ್ನು ಅಳೆಯುವ ಕೋಲನ್ನು ಮುರಿದವರು ಶರಣರು. ಅವರ ಹೆಸರು ಹೇಳುವ ಮನೆಯಲ್ಲಿ ಅಂಕವೆಂಬ ಹೊಸ ಕೋಲೊಂದು ಬಂದು ಕೂತಿದೆಯೋ ಎಂದು ಒಮ್ಮೆ ನೋಡಿಕೊಳ್ಳಬೇಕಾಗಿದೆ.

ತಿದ್ದುವ ಕ್ರಮವನ್ನಾದರೂ ಶರಣರ ಸಂಸಾರದಿಂದಲೇ ಕಲಿಯಬಹುದು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದವನು. ಒಮ್ಮೆ ಅವನು ಶರಣರ ಗೋಷ್ಠಿಯಲ್ಲಿ ಮಾತಿಗೆ ಮೈಮರೆತು ಕಾಯಕದ ಹೊತ್ತನ್ನು ಕಳೆದನು. ಮಡದಿ ಲಕ್ಕಮ್ಮನು ಅದನ್ನು ನೆನಪಿಸಿದಳು. ಅವಳ ಎಚ್ಚರಿಕೆಯಲ್ಲಿ ಸಡಿಲಿಕೆ ಇರಲಿಲ್ಲ, ತಿರಸ್ಕಾರವೂ ಇರಲಿಲ್ಲ. ಇನ್ನೊಂದು ದಿನ ಅವನು ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ತಂದಾಗ ಅದನ್ನು ಇದ್ದಲ್ಲಿಗೆ ಹಿಂದಿರುಗಿಸೆಂದಳು. ಕಾಯಕ ತಪ್ಪಿದವನನ್ನು ಅವಳು ಮನೆಯಿಂದ ಹೊರಗೆ ನಿಲ್ಲಿಸಲಿಲ್ಲ; ಕಾಯಕಕ್ಕೆ ಹಿಂದಿರುಗಿಸಿದಳು. ತಪ್ಪನ್ನು ಹೆಸರು ಹಿಡಿದು ಹೇಳಬೇಕು, ತಪ್ಪಿದವನನ್ನು ಹೆಸರಿಟ್ಟು ಹೀಯಾಳಿಸಬಾರದು. ಇವೆರಡರ ನಡುವಿನ ಅಂತರವನ್ನು ಅರಿಯದ ತಂದೆಯು ಒಂದೇ ಮಾತಿನಿಂದ ಮಗನ ನಾಲಗೆಯನ್ನು ಜೀವಮಾನಕ್ಕೆ ಕಟ್ಟಿಹಾಕಬಲ್ಲನು.

ತಿದ್ದಿಸಿಕೊಳ್ಳುವ ಕ್ರಮಕ್ಕೆ ಸಿದ್ಧರಾಮನ ಚರಿತ್ರೆ ಇದೆ. ಸೊನ್ನಲಿಗೆಯಲ್ಲಿ, ಎಂದರೆ ಇಂದಿನ ಸೊಲ್ಲಾಪುರದಲ್ಲಿ, ಕೆರೆ ಕಟ್ಟಿಸಿ ಗುಡಿ ಎತ್ತಿಸಿ ಸಾವಿರಾರು ಜನರಿಂದ ಪೂಜೆಗೊಳ್ಳುತ್ತಿದ್ದ ಮಹಾಪುರುಷನವನು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು ಅವನನ್ನು ಒಡ್ಡರಾಮನೆಂದು ಕರೆದರೆಂದೂ, ಕೆರಳಿದ ಕೆಲಸದವರು ಕಲ್ಲೆಸೆದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಸಿದ್ಧರಾಮನಿಗೂ ಮೊದಲು ಸಿಟ್ಟೇ ಬಂದಿತು. ಆಮೇಲೆ ಅವನು ಕೇಳಿದನು, ಒಪ್ಪಿದನು, ಕಲ್ಯಾಣಕ್ಕೆ ನಡೆದನು. ಅಲ್ಲಿ ತನಗಿಂತ ಕಿರಿಯನಾದ ಚನ್ನಬಸವಣ್ಣನಿಂದ ಲಿಂಗದೀಕ್ಷೆ ಪಡೆದನು. ಅಷ್ಟು ಕಟ್ಟಿದವನು ಮತ್ತೆ ಮೊದಲನೆಯ ಪಾಠಕ್ಕೆ ಕೂತನು. ಒಂದು ವರ್ಷ ಹಿಂದುಳಿದು, ತನಗಿಂತ ಕಿರಿಯರ ಜೊತೆ ಒಂದೇ ಬೆಂಚಿನ ಮೇಲೆ ಕೂಡಬೇಕಾಗಿ ಬಂದ ವಿದ್ಯಾರ್ಥಿಗೆ ಈ ದೃಷ್ಟಾಂತಕ್ಕಿಂತ ದೊಡ್ಡ ಧೈರ್ಯ ಬೇರೆ ಎಲ್ಲಿದೆ? ಮತ್ತೆ ಕಲಿಯುವದು ಅವಮಾನವಾಗಿದ್ದರೆ ಸಿದ್ಧರಾಮನು ಶಿವಯೋಗಿಯಾಗುತ್ತಿರಲಿಲ್ಲ.

ಕಲ್ಲಿನ ಕೆಲಸದಲ್ಲಿಯೂ ಇದೇ ಪಾಠವನ್ನು ಈ ನಾಡು ಕಾಯ್ದಿಟ್ಟಿದೆ. ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲ ಕ್ರಿ. ಶ. 578. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವು ಎದ್ದುದು ಸುಮಾರು 740ರಲ್ಲಿ. ನಡುವಿನ ಒಂದೂವರೆ ಶತಮಾನದ ಮೇಲಿನ ಕಾಲದಲ್ಲಿ ಐಹೊಳೆಯ ಶಿಲ್ಪಿಗಳು ಏನು ಮಾಡುತ್ತಿದ್ದರೆಂಬುದನ್ನು ಅಲ್ಲಿಗೆ ಹೋದವರು ಕಣ್ಣಾರೆ ಕಾಣಬಹುದು. ಒಂದು ಗುಡಿಗೆ ಚಪ್ಪಟೆ ಚಾವಣಿ, ಇನ್ನೊಂದಕ್ಕೆ ಇಳಿಜಾರು. ಒಂದರ ಹಿಂಬದಿ ಚೌಕ, ಇನ್ನೊಂದರದು ಕಮಾನಿನಂತೆ ದುಂಡು. ಮಾಡಿ ನೋಡಿದ್ದಾರೆ, ಬಿಟ್ಟು ನೋಡಿದ್ದಾರೆ, ಮತ್ತೆ ಮಾಡಿದ್ದಾರೆ. ವಿರೂಪಾಕ್ಷದ ಮುಂದೆ ಬೆರಗಾಗಿ ನಿಲ್ಲುವ ತಂದೆಯು, ಬರುವ ದಾರಿಯಲ್ಲಿ ಐಹೊಳೆಯನ್ನು ಮಗನಿಗೆ ತೋರಿಸದೆ ಬಂದರೆ ಅರ್ಧ ಪಾಠವನ್ನೇ ಕಲಿಸಿದಂತಾಗುವದು.

ಸತ್ಯವನ್ನು ಹೇಳಿದ ಮೇಲೆ ಉಳಿಯುವದು ಕೆಲಸ. ಪ್ರೊಬೇಶನ್ ಎಂಬುದು ವ್ರತಕಾಲವಿದ್ದಂತೆ. ಅದಕ್ಕೆ ಆದಿ ಅಂತ್ಯಗಳಿವೆ, ನಿಯಮಗಳಿವೆ. ವಿದ್ಯಾರ್ಥಿಯು ಮೊದಲು ತನ್ನ ವಿಶ್ವವಿದ್ಯಾಲಯದ ನಿಯಮವನ್ನು ಬಾಯಿಮಾತಿನಿಂದಲ್ಲದೆ ಮುದ್ರಿತ ಪುಸ್ತಕದಿಂದಲೇ ಓದಿಕೊಳ್ಳಬೇಕು. ಎಷ್ಟು ವಿಷಯ, ಎಷ್ಟು ಕಾಲ, ಎಷ್ಟು ಹಾಜರಿ ಎಂಬುದು ಸ್ಪಷ್ಟವಾದರೆ ಅರ್ಧ ಭಯ ಹೋಗುವದು. ಎರಡನೆಯದಾಗಿ, ತಪ್ಪಿಸಿಕೊಂಡು ತಿರುಗುತ್ತಿದ್ದ ಅಧ್ಯಾಪಕರ ಎದುರಿಗೆ ಹೋಗಿ ನಿಲ್ಲಬೇಕು. ಎಲ್ಲಿ ತಿಳಿಯದಾಯಿತೆಂದು ಹೇಳಬೇಕು. ಮೂರನೆಯದಾಗಿ, ಎಲ್ಲ ವಿಷಯಗಳನ್ನೂ ಒಮ್ಮೆಲೇ ಗೆಲ್ಲುವ ಹಟ ಬಿಟ್ಟು, ಮುಂದಿನದಕ್ಕೆ ಆಧಾರವಾದ ಒಂದು ವಿಷಯದಿಂದ ಆರಂಭಿಸಬೇಕು. ನಾಲ್ಕನೆಯದಾಗಿ, ಪೂಜೆಯ ಹೊತ್ತು ಗೊತ್ತಾಗಿರುವಂತೆ ಓದಿನ ಹೊತ್ತೂ ಗೊತ್ತಾಗಿರಬೇಕು. ಇಷ್ಟಲಿಂಗಪೂಜೆಯನ್ನು ವರ್ಷಕ್ಕೊಮ್ಮೆ ಹತ್ತು ತಾಸು ಮಾಡಿ ಉಳಿದ ದಿನ ಬಿಟ್ಟುಬಿಡುವ ಭಕ್ತನಿಲ್ಲ. ಪರೀಕ್ಷೆಯ ಹಿಂದಿನ ರಾತ್ರಿ ಮಾತ್ರ ಓದುವವನು ಮಾಡುವದಾದರೂ ಅದನ್ನೇ ಅಲ್ಲವೇ? ಓದು ಕಾಯಕವೆಂದು ಒಪ್ಪಿದರೆ ಅದು ನಿತ್ಯವಾಗಲೇಬೇಕು.

ಇಷ್ಟೆಲ್ಲ ಮಾಡಿದರೂ ಅವಧಿಯ ಕೊನೆಗೆ ಕೈಗೂಡದೆ ಹೋದರೆ? ಈ ಪ್ರಶ್ನೆಯನ್ನು ತಪ್ಪಿಸಿ ಹೋಗುವದು ಸರಿಯಲ್ಲ. ಎಲ್ಲರೂ ಗೆಲ್ಲುವರೆಂದು ಹೇಳುವದೂ ಒಂದು ಸುಳ್ಳೇ. ಪ್ರಾಮಾಣಿಕವಾಗಿ ದುಡಿದು ಸೋತವನು ಒಂದು ವಿಶ್ವವಿದ್ಯಾಲಯದ ಒಂದು ಶಾಖೆಯಲ್ಲಿ ಸೋತನು. ಬೇರೆ ಶಾಸ್ತ್ರ ಉಂಟು, ಬೇರೆ ಕಸಬು ಉಂಟು. ಅನುಭವಮಂಟಪದಲ್ಲಿ ಮಡಿವಾಳ ಮಾಚಯ್ಯನಿಗೆ, ಅಂಬಿಗರ ಚೌಡಯ್ಯನಿಗೆ, ಡೋಹರ ಕಕ್ಕಯ್ಯನಿಗೆ ಇದ್ದ ಸ್ಥಾನವು ಅವರ ಕಸಬಿನ ಹೆಸರಿನಿಂದ ಕಡಿಮೆಯಾಗಲಿಲ್ಲ. ಪದವಿ ಸಿಗದೆ ಮಗ್ಗಕ್ಕೋ ಅಂಗಡಿಗೋ ಹೊಲಕ್ಕೋ ಮರಳಿ ಬಂದ ಮಗನನ್ನು ಸೋತುಬಂದವನೆಂದು ಕರೆಯುವ ತಂದೆಯು, ತಾನು ಇಷ್ಟು ವರ್ಷ ಮಾಡಿದ ಕಾಯಕವನ್ನೇ ಸೋಲೆಂದು ಕರೆದಂತಾಗುವದು. ಇಳಕಲ್ಲಿನ ನೇಕಾರನು ಈ ಒಂದು ಮಾತನ್ನು ತನ್ನ ಮನಸ್ಸಿನಲ್ಲಿ ಇತ್ಯರ್ಥಪಡಿಸಿಕೊಂಡರೆ, ಮಗನ ಸುಳ್ಳಿಗೆ ಕಾರಣವೇ ಇಲ್ಲದಾಗುವದು. ಸಾಲವನ್ನು ತೀರಿಸುವ ದಾರಿಯೂ ಅಲ್ಲಿಯೇ ತೆರೆಯುವದು; ಅಳುತ್ತ ಕೂತು ತೀರುವ ಸಾಲ ಯಾವುದೂ ಇಲ್ಲ, ದುಡಿದು ತೀರುವದೇ ಎಲ್ಲ.

ಈ ವಿಷಯದಲ್ಲಿ ತಡವಾದರೆ ಏನಾಗುವದೆಂಬುದನ್ನು ಮರೆಯಲಾಗದು. ಭಾರತ ಸರಕಾರದ ಅಪರಾಧ ದಾಖಲೆಗಳ ಸಂಸ್ಥೆಯ ಲೆಕ್ಕದಂತೆ 2022ನೆಯ ಒಂದೇ ವರ್ಷದಲ್ಲಿ ದೇಶದಲ್ಲಿ 13,000ಕ್ಕೂ ಹೆಚ್ಚು ವಿದ್ಯಾರ್ಥಿಗಳು ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಎಲ್ಲರ ಕಾರಣವೂ ಪರೀಕ್ಷೆಯಲ್ಲ. ಆದರೆ ಪರೀಕ್ಷೆಯ ಸೋಲನ್ನು ಒಂಟಿಯಾಗಿ ಹೊತ್ತವರೂ ಅವರಲ್ಲಿದ್ದರು. ಇಷ್ಟಲಿಂಗವನ್ನು ಧರಿಸಿದ ದೇಹವು ದೇವಾಲಯವೆಂದು ವೀರಶೈವಧರ್ಮ ಹೇಳುತ್ತದೆ. ಯಾವ ವಿಶ್ವವಿದ್ಯಾಲಯದ ಯಾವ ಪತ್ರಕ್ಕೂ ಆ ದೇವಾಲಯವನ್ನು ಕೆಡಹುವ ಅಧಿಕಾರವಿಲ್ಲ. ಮಗನು ಊಟ ಬಿಟ್ಟಿದ್ದರೆ, ನಿದ್ದೆಗೆಟ್ಟಿದ್ದರೆ, ಬದುಕು ಬೇಡವೆಂಬ ಮಾತು ಒಮ್ಮೆಯಾದರೂ ಅವನ ಬಾಯಿಂದ ಬಂದಿದ್ದರೆ ಅಂಕದ ಮಾತನ್ನು ಅಲ್ಲಿಯೇ ಬಿಟ್ಟು ಅವನಿದ್ದಲ್ಲಿಗೆ ಹೋಗಬೇಕು, ವೈದ್ಯರನ್ನು ಕಾಣಿಸಬೇಕು. 2022ರಲ್ಲಿ ಸರಕಾರವು ಆರಂಭಿಸಿದ ಟೆಲಿ ಮಾನಸ್ ಎಂಬ ಸಹಾಯವಾಣಿಯ ಸಂಖ್ಯೆ 14416. ಅಲ್ಲಿಗೆ ಹಗಲಿರುಳೂ ಹಣವಿಲ್ಲದೆ ಮಾತನಾಡಬಹುದು. ಮನಸ್ಸಿನ ಕಾಯಿಲೆಗೆ ಮದ್ದು ತೆಗೆದುಕೊಳ್ಳುವದು ಭಕ್ತಿಗೆ ಕುಂದಲ್ಲ.

ಹುನಗುಂದದಿಂದ ದೂರವಲ್ಲದ ಕೂಡಲಸಂಗಮದಲ್ಲಿ ಕೃಷ್ಣೆಯೂ ಮಲಪ್ರಭೆಯೂ ಕೂಡುತ್ತವೆ. ಬಸವಣ್ಣನವರು ಮನೆಯನ್ನು ಬಿಟ್ಟು ಬಂದು ವಿದ್ಯೆ ಕಲಿತದ್ದು ಅಲ್ಲಿಯೇ. ಅಲ್ಲಿಂದಲೇ ಅವರು ಮುಂದೆ ತಮ್ಮ ಕುಂದುಗಳನ್ನು ತಾವೇ ಎತ್ತಿ ಹೇಳಿಕೊಳ್ಳುವ ಧೈರ್ಯವನ್ನು ಹೊತ್ತು ನಡೆದರು. ಮಹಾಮಂತ್ರಿಯಾದ ಮೇಲೆಯೂ ತನ್ನನ್ನು ತಾನು ಎಲ್ಲರ ಮುಂದೆ ಒರೆಗೆ ಹಚ್ಚಿಕೊಂಡ ಗುರುವಿನ ಮಕ್ಕಳು, ಒಂದು ಅಂಕಪಟ್ಟಿಯನ್ನು ಹೆತ್ತವರ ಮುಂದೆ ಇಡಲು ಅಂಜಬೇಕಾಗಿಲ್ಲ. ಆ ಗುರುವಿನ ಹೆಸರಿನಲ್ಲಿ ವಿಭೂತಿ ಧರಿಸುವ ತಂದೆ ತಾಯಿಗಳು ಅದನ್ನು ಕೈಯೊಡ್ಡಿ ತೆಗೆದುಕೊಳ್ಳಲೂ ಅಂಜಬೇಕಾಗಿಲ್ಲ.

ಮುಂದಿನ ಸೋಮವಾರ ಸಂಜೆ, ಪೂಜೆ ಮುಗಿದ ಮೇಲೆ, ತಂದೆಯು ಊರಿನಲ್ಲಿಲ್ಲದ ಮಗನಿಗೆ ಫೋನು ಮಾಡಿದಾಗ ಅಭ್ಯಾಸ ಹೇಗಿದೆಯೆಂಬ ಪ್ರಶ್ನೆಗೆ ಬದಲಾಗಿ ಇನ್ನೊಂದು ಮಾತನ್ನು ಆಡಿ ನೋಡಬಹುದು: “ತಮ್ಮಾ, ತ್ರಾಸ ಇದ್ರ ಹೇಳು. ನಾ ಸಿಟ್ಟ ಆಗೂದಿಲ್ಲ.” ಆ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬಾರದಿದ್ದರೆ ತಂದೆಯು ಫೋನು ಇಡದೆ ಕಾದಿರಬೇಕು.